ಹುಳು ತಿಂದ ಎಲೆಯ ಊರಿನಲ್ಲಿ

ಜಪಾನಿನ ಸುಜುಕಾ ಎಂದರೆ ಹೆಚ್ಚಿನವರಿಗೆ ಫಾರ್ಮುಲಾ ವನ್ ರೇಸು ನೆನಪಾಗುತ್ತದೆ. ನಾನು ಹೋಗಿದ್ದು ಕಾಗದ ನೋಡಲು. ಕಿಮೋನೊ ಬಟ್ಟೆಯ ಮೇಲೆ ಚಿತ್ತಾರ ಮೂಡಿಸುವ ಸ್ಟೆನ್ಸಿಲ್ ಹಾಳೆ, ‘ಇಸೆ ಕಟಗಾಮಿ’, ಈ ಊರಿನ ಶಿರೋಕೊ, ಜಿಕೆ ಭಾಗಗಳಲ್ಲಿ ಶತಮಾನಗಳಿಂದ ತಯಾರಾಗುತ್ತಿದೆ.

ನಾಗೋಯಾದಿಂದ ಕಿಂಟೆಟ್ಸು ರೈಲಿನಲ್ಲಿ ಶಿರೋಕೊಗೆ ಬಂದು, ಲೋಕಲ್ ಗಾಡಿಗೆ ಬದಲಾಯಿಸಿ ತ್ಸುಜುಮಿಗಾಉರಾದಲ್ಲಿ ಇಳಿದೆ. ಮೊದಲು ನೋಡಿದ್ದು ಕೋಯಾಸು ಕಣ್ಣೋನ್ ದೇವಾಲಯದ ಚೆರ್ರಿ ಮರ. ಇದರ ಎಲೆಗಳನ್ನು ಹುಳು ತಿಂದು ಮಾಡಿದ ತೂತುಗಳ ಚೆಂದ ಕಂಡು ಯಾರೋ ಕಾಗದ ಕೊರೆಯಲು ತೊಡಗಿದರಂತೆ. ಐತಿಹ್ಯವೇ ಇರಲಿ, ಕೆಳಗೆ ಬಿದ್ದಿದ್ದ ಒಂದು ಎಲೆಯನ್ನು ಬಿಸಿಲಿಗೆ ಹಿಡಿದಾಗ ಕಥೆಯನ್ನು ನಂಬಬೇಕೆನಿಸಿತು.

ಹತ್ತಿರದಲ್ಲೇ ಸಾಂಪ್ರದಾಯಿಕ ಕೈಗಾರಿಕೆಗಳ ಭವನ. ಅಂದು ಹಿರಿಯ ಕುಶಲಕರ್ಮಿಯೊಬ್ಬರು ಕೆಲಸ ಮಾಡುತ್ತಾ ಕೂತಿದ್ದರು. ಕಂದು ಬಣ್ಣದ ಹಾಳೆ ಮುಟ್ಟಿದರೆ ತೆಳುವಾದ ಚರ್ಮದ ಹಾಗಿತ್ತು. ಹಿಪ್ಪುನೇರಳೆ ಜಾತಿಯ ಗಿಡದ ನಾರಿನ ಕಾಗದವನ್ನು, ನಾರಿನ ಎಳೆ ಒಮ್ಮೆ ಉದ್ದಕ್ಕೆ ಒಮ್ಮೆ ಅಡ್ಡಕ್ಕೆ ಬರುವಂತೆ, ಪರ್ಸಿಮನ್ ಕಾಯಿಯ ಒಗರು ರಸದಿಂದ ಪದರವಾಗಿ ಅಂಟಿಸುತ್ತಾರೆ. ಆಮೇಲೆ ಮರದ ಹೊಟ್ಟಿನ ಹೊಗೆಯಲ್ಲಿ ದಿನಗಟ್ಟಲೆ ಒಣಗಿಸುತ್ತಾರೆ. ಹಾಗಾಗಿ ನೀರು ತಾಗಿದರೂ ಹಾಳೆ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಈ ಹದ ತಪ್ಪಿದರೆ ಮುಂದಿನ ಕೆತ್ತನೆಗೆ ಬೆಲೆಯೇ ಇಲ್ಲ.

ಕೊರೆಯುವ ಕ್ರಮ ನಾಲ್ಕು. ಅವರು ಮಾಡುತ್ತಿದ್ದುದು ‘ಕಿರಿಬೋರಿ’. ಉಳಿಯ ತುದಿ ಅರ್ಧಚಂದ್ರದ ಆಕಾರ. ಹಾಳೆಗಳ ಅಟ್ಟಿಯ ಮೇಲೆ ಅದನ್ನು ನೇರ ನಿಲ್ಲಿಸಿ, ಬೆರಳಲ್ಲಿ ಒಂದು ಸುತ್ತು ತಿರುಗಿಸಿದರೆ ದುಂಡು ತೂತು. ಮತ್ತೆ ಪಕ್ಕದಲ್ಲಿ ಇನ್ನೊಂದು. ಶಾರ್ಕ್ ಮೀನಿನ ಚರ್ಮದ ಹಾಗೆ ಕಾಣುವ ಅತಿ ಸೂಕ್ಷ್ಮ ‘ಸಾಮೆ’ ವಿನ್ಯಾಸದಲ್ಲಿ 3 ಸೆಂಟಿಮೀಟರ್ ಚೌಕದೊಳಗೆ 900 ತೂತುಗಳಿರುತ್ತವೆ. ಒಂದು ಜಾರಿದರೆ ಕಣ್ಣು ನೇರವಾಗಿ ಅಲ್ಲಿಗೇ ಹೋಗುತ್ತದೆ. ಅವರು ಉಸಿರು ಬಿಡುವುದೂ ಉಳಿಯ ತಾಳಕ್ಕೆ ಹೊಂದಿಕೊಂಡಿತ್ತು. ಎಷ್ಟೋ ಹೊತ್ತು ನಾನು ಕದಲದೆ ನಿಂತೆ.

ಪಟ್ಟೆ ಕೊರೆಯುವ ‘ಶಿಮಾಬೋರಿ’ ಇನ್ನೂ ಕಷ್ಟವೆಂದು ನನ್ನ ಅನಿಸಿಕೆ. ಉಕ್ಕಿನ ಪಟ್ಟಿ ಇಟ್ಟು ಎಳೆಯುವ ಗೆರೆಗಳ ನಡುವೆ ಉಳಿಯುವುದು ಕೂದಲಿನಂಥ ಕಾಗದ. ಬಣ್ಣಗಾರನ ಕೈಗೆ ಹೋಗುವ ಮೊದಲೇ ಅದು ಅಲುಗಾಡುತ್ತದೆ. ಅದಕ್ಕೆ ಹಿಂದಿನವರು ಹಾಳೆಯ ಪದರಗಳನ್ನು ಬಿಡಿಸಿ, ನಡುವೆ ರೇಷ್ಮೆ ಎಳೆ ಹಾಸಿ, ಮತ್ತೆ ಅಂಟಿಸುತ್ತಿದ್ದರು. ಮೇಲಿನ ಪಟ್ಟೆ ಕೆಳಗಿನ ಪಟ್ಟೆಯ ಮೇಲೆ ಕೂದಲೆಳೆಯಷ್ಟೂ ಸರಿಯದೆ ಕೂರಬೇಕು! ಎಳೆ ಎಷ್ಟು ಸಣ್ಣದೆಂದರೆ ಬಟ್ಟೆಯಲ್ಲಿ ಅದರ ಗುರುತು ಉಳಿಯುವುದಿಲ್ಲ. 1955ರಲ್ಲಿ ಜಪಾನ್ ಸರ್ಕಾರ ಜೀವಂತ ರಾಷ್ಟ್ರೀಯ ನಿಧಿಗಳೆಂದು ಗೌರವಿಸಿದವರಲ್ಲಿ ಇಲ್ಲಿನ ಆರು ಜನರಿದ್ದರು. ಎಳೆ ಹಾಕುವ ಕೆಲಸಕ್ಕೂ ಆ ಗೌರವದಲ್ಲಿ ಪಾಲು ಸಿಕ್ಕಿತೆಂಬುದು ನನಗೆ ತುಂಬ ಸಂತೋಷ ಕೊಟ್ಟಿತು.

ಸಂಜೆ ಹಳೆಯ ಕಟಗಾಮಿ ವರ್ತಕರ ಮನೆಗೆ ಹೋದೆ. ಈಗ ಅದು ಸಂಗ್ರಹಾಲಯ. ಬಟ್ಟೆಯ ಮೇಲೆ ಹಾಳೆ ಇಟ್ಟು ಅಂಟಕ್ಕಿಯ ಸರಿ ಬಳಿಯುತ್ತಾರೆ. ಸರಿ ಕೂತ ಜಾಗಕ್ಕೆ ಬಣ್ಣ ಹತ್ತದು, ತೊಳೆದಾಗ ಬಿಳಿ ಚುಕ್ಕಿ ಉಳಿಯುತ್ತದೆ. ಸುಮಾರು 12 ಮೀಟರ್ ಬಟ್ಟೆಗೆ ಅದೇ ಹಾಳೆಯನ್ನು ಹತ್ತಾರು ಸಲ ಸರಿಸಬೇಕು. ಅಂಥದ್ದೊಂದು ಬಟ್ಟೆಯ ಮುಂದೆ ಬಗ್ಗಿ ಜೋಡಣೆ ಎಲ್ಲಿದೆಯೆಂದು ಹುಡುಕಿದೆ. ಸಿಗಲಿಲ್ಲ. ಪಕ್ಕದ ಹಾಳೆಯ ಅಂಚು ನೋಡಿದೆ: ಒಂದು ಸಲಕ್ಕೆ ಇನ್ನೊಂದನ್ನು ಹೊಂದಿಸಲು ಕೊರೆದ, ಸಾಸಿವೆಗಿಂತ ಚಿಕ್ಕ ತೂತುಗಳು. ಅವಕ್ಕೆ ಇಲ್ಲಿನವರು ‘ಹೋಶಿ’ ಅನ್ನುತ್ತಾರೆ, ಅಂದರೆ ನಕ್ಷತ್ರ.