ಒಂದ್ಸಲ ಹೇಳ್ತೀನಿ, ಸರಿ ಇದೆಯಾ ನೋಡಿ

ಮಂಗಳವಾರ ಆಫೀಸಿನ ಮೀಟಿಂಗ್ ಆದಾಗಿನಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. "ನನಗೆ ಅರ್ಥವಾಗಿದ್ದನ್ನ ಒಂದ್ಸಲ ಹೇಳ್ತೀನಿ ಸರ್, ಸರಿ ಇದೆಯಾ ನೋಡಿ."

"ಸೋಮವಾರದಿಂದ ಹೊಸ ರೇಟು. ಎಲ್ಲರಿಗೂ ಅರ್ಥ ಆಯ್ತಲ್ವಾ?" ಎನ್ನುತ್ತಾ ಮ್ಯಾನೇಜರ್ ಲ್ಯಾಪ್‌ಟಾಪ್ ಮುಚ್ಚಿದ್ದರು. ಎಲ್ಲರೂ ತಲೆಯಾಡಿಸಿದರು. ಹೊಸದಾಗಿ ಸೇರಿದ ಹುಡುಗಿ ಮಾತ್ರ ಕೈ ಎತ್ತಿದಳು. "ಮತ್ತೇನಮ್ಮ?" ಎಂದರು. ಆಗ ಅವಳು ಹೇಳಿದ್ದೇ ಆ ಮಾತು. ಸೋಮವಾರದಿಂದ ಬರುವ ಆರ್ಡರ್‌ಗೆ ಹೊಸ ರೇಟು, ಹಳೇ ಆರ್ಡರ್ ಯಾವತ್ತು ಕಳಿಸಿದರೂ ಹಳೇ ರೇಟು, ಅಲ್ವಾ ಸರ್?

"ಅಲ್ಲಲ್ಲ! ಸೋಮವಾರದಿಂದ ಹೊರಡೋ ಮಾಲಿಗೆಲ್ಲ ಹೊಸ ರೇಟು."

ನನ್ನ ಪಕ್ಕದವರು ಬರೆದುಕೊಂಡಿದ್ದನ್ನು ಹೊಡೆದುಹಾಕಿದರು. ಎದುರಿಗಿದ್ದ ಇಬ್ಬರೂ ಹೊಡೆದುಹಾಕಿದರು. ಅರ್ಥವಾಯಿತು ಎಂದು ತಲೆಯಾಡಿಸಿದವರೇ ಇವರೆಲ್ಲ. ಅವಳು ಕೇಳದೇ ಇದ್ದಿದ್ದರೆ ಎಷ್ಟು ಬಿಲ್ ತಪ್ಪುತ್ತಿದ್ದವೋ. ಆದರೂ ಒಬ್ಬ ಹಿರಿಯರು ಹೊರಗೆ ಬಂದು, "ಈ ಹುಡುಗಿ ಸುಮ್ನೆ ಟೈಮ್ ತಿಂತಾಳೆ" ಎಂದರು. ನನಗೆ ನಿಜಕ್ಕೂ ಬೇಜಾರಾಯಿತು.

ಮ್ಯಾನೇಜರ್ ಒಳ್ಳೆಯವರೇ. ಆದರೆ "ಅರ್ಥ ಆಯ್ತಲ್ವಾ?" ಎಂದು ಕೇಳಿದರೆ ಇಲ್ಲ ಎನ್ನಲು ಯಾರಿಗೆ ಧೈರ್ಯ ಬರುತ್ತದೆ?

1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫ್ ದ್ವೀಪದಲ್ಲಿ, ಮಂಜು ಕವಿದ ರನ್‌ವೇ ಮೇಲೆ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ವಿಮಾನಗಳಿಗೆ ಸೂಚನೆ ಕೊಡುವ ಕಂಟ್ರೋಲ್ ಟವರ್ ಟೇಕಾಫ್‌ಗೆ ಅನುಮತಿ ಕೊಟ್ಟಿರಲಿಲ್ಲ. ಸಿಕ್ಕಿದೆ ಎಂದುಕೊಂಡು ಒಬ್ಬ ಕ್ಯಾಪ್ಟನ್ ಹೊರಟುಬಿಟ್ಟರು. ಇನ್ನೊಂದು ವಿಮಾನ ರನ್‌ವೇ ಬಿಟ್ಟು ಸರಿದಿಲ್ವಾ ಎಂದು ಅವರದೇ ಫ್ಲೈಟ್ ಇಂಜಿನಿಯರ್ ಕೇಳಿದ್ದರು. ಸರಿದಿದೆ ಎಂದು ಕ್ಯಾಪ್ಟನ್ ಗಟ್ಟಿಯಾಗಿ ಹೇಳಿದರು. ಅಲ್ಲಿಗೆ ಮಾತು ನಿಂತಿತು. ಆಮೇಲೆ ವಿಮಾನಯಾನದಲ್ಲಿ ನಿಯಮ ಬಿಗಿಯಾಯಿತು. ಬರೀ "ಓಕೆ" ಅಂದರೆ ಸಾಲದು, ಕೇಳಿಸಿಕೊಂಡ ಅನುಮತಿಯನ್ನು ಪೈಲಟ್ ತಿರುಗಿ ಹೇಳಬೇಕು. ಕಿರಿಯರು ಬಾಯಿ ಬಿಡುವುದಕ್ಕೂ ಹಿರಿಯರು ಕೇಳಿಸಿಕೊಳ್ಳುವುದಕ್ಕೂ ತರಬೇತಿ ಶುರುವಾಯಿತು.

ನಮ್ಮ ರೇಟಿನ ತಪ್ಪಿಗೆ ಯಾರ ಜೀವವೂ ಹೋಗುವುದಿಲ್ಲ, ನಿಜ. ಆದರೆ ದೊಡ್ಡವರ ಮುಂದೆ "ಹೂಂ" ಎಂದುಬಿಡುವ ಒತ್ತಡ ಎಲ್ಲಾ ಕಡೆ ಒಂದೇ.

ತಿರುಗಿ ಹೇಳಿ ಕೇಳುವ ಈ ರೂಢಿ ಎಲ್ಲಿಂದ ಬಂತು ಎಂದು ಆ ಹುಡುಗಿಯನ್ನೇ ಕೇಳಿದೆ. ನೋಟ್‌ಬುಕ್ ತೋರಿಸಿದಳು. ಕೆಲಸ ಮುಗಿದ ಮೇಲೆ ನಾಲ್ಕು ಸಾಲು ಬರೆಯುತ್ತಾಳೆ: ಏನಾಗಬೇಕಿತ್ತು, ಏನಾಯಿತು, ಯಾಕೆ ಬೇರೆಯಾಯಿತು, ಮುಂದಿನ ಸಲ ಏನು ಮಾಡಬೇಕು. ಅಮೆರಿಕದ ಸೇನೆ 1970ರ ದಶಕದಲ್ಲಿ ತರಬೇತಿಯ ನಂತರದ ಚರ್ಚೆಗೆ ರೂಪಿಸಿದ ಪ್ರಶ್ನೆಗಳೂ ಹೆಚ್ಚುಕಡಿಮೆ ಇವೇ. ಯಾರ ತಪ್ಪು ಎಂಬ ಪ್ರಶ್ನೆ ಅದರಲ್ಲಿಲ್ಲ. ಆಫೀಸುಗಳಲ್ಲಿ ಮೊದಲು ಕೇಳುವುದೇ ಅದನ್ನು. ಕೇಳಿದ ಕೂಡಲೇ ಎಲ್ಲರೂ ತಮ್ಮನ್ನು ಉಳಿಸಿಕೊಳ್ಳಲು ನೋಡುತ್ತಾರೆ. ಕಲಿಯುವುದು ಅಲ್ಲಿಗೇ ನಿಂತುಹೋಗುತ್ತದೆ.

ಪ್ರತಿ ಮೀಟಿಂಗ್ ಕೊನೆಗೆ ಒಬ್ಬರು ಎಲ್ಲವನ್ನೂ ತಿರುಗಿ ಹೇಳಲಿ ಎಂದು ಮ್ಯಾನೇಜರ್‌ಗೆ ಕೇಳಿದ್ದೇನೆ. "ನೋಡೋಣ" ಎಂದಿದ್ದಾರೆ. ಮೊದಲ ಸಲ ಆ ಹಿರಿಯರೇ ಹೇಳಲಿ ಎಂಬುದು ನನ್ನ ಆಸೆ. ಅವರು ಹೇಳಿದರೆ ಉಳಿದವರಿಗೆ ಸಂಕೋಚ ಬಿಡುತ್ತದೆ.