ಸೈಟ್ ವಿಸಿಟ್‌ಗೆ ಮುಂಚೆ ಸೋಸುವ ಕೆಲಸ: ಆನ್‌ಲೈನ್‌ನಲ್ಲಿ ಫ್ಲಾಟ್ ಹುಡುಕುವವರಿಗೆ

ಬೆಂಗಳೂರಿನಲ್ಲಿ ಫ್ಲಾಟ್ ಕೊಳ್ಳುವವರಿಗೆ ಮನೆಗಳ ಪಟ್ಟಿ ಸೋಸಿಕೊಡುವುದು ನಮ್ಮ ಕೆಲಸ. ಹುಡುಕುವವರು ಸಾಮಾನ್ಯವಾಗಿ ಬಜೆಟ್, ಬಿಎಚ್‌ಕೆ, ಏರಿಯಾ ಎಂದು ಫಿಲ್ಟರ್ ಹಾಕಿ, ಫೋಟೊ ಚೆನ್ನಾಗಿರುವುದನ್ನೆಲ್ಲ ಗುರುತು ಮಾಡಿಟ್ಟು ಭಾನುವಾರವಿಡೀ ಸುತ್ತುತ್ತಾರೆ. ಅದರಲ್ಲಿ ಬಹಳಷ್ಟನ್ನು ಕುರ್ಚಿ ಬಿಟ್ಟೇಳದೆ ಕೈಬಿಡಬಹುದು.

ಮೊದಲು ಚದರಡಿ ಲೆಕ್ಕ. ಜಾಹೀರಾತಿನ ದರ ಬಹುಪಾಲು ಸೂಪರ್ ಬಿಲ್ಟಪ್ ಮೇಲಿನದು. ಲಿಫ್ಟ್, ಮೆಟ್ಟಿಲು, ಕ್ಲಬ್‌ಹೌಸಿನ ಪಾಲೂ ಅದರಲ್ಲಿ ಸೇರಿರುತ್ತದೆ. 1,200 ಚದರಡಿಯ ಒಂದು ಮನೆ ಚದರಡಿಗೆ 8,500 ರೂಪಾಯಿಯಂತೆ 1.02 ಕೋಟಿ; 1,100 ಚದರಡಿಯ ಇನ್ನೊಂದು 9,000ದಂತೆ 99 ಲಕ್ಷ. ದರ ನೋಡಿದರೆ ಮೊದಲನೆಯದೇ ಅಗ್ಗ. ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ನಿಜವಾಗಿ ಬಳಸಲು ಸಿಗುವ ಜಾಗ ಎಷ್ಟೆಂದು ಕೇಳಿ: ಮೊದಲನೆಯದು 850, ಎರಡನೆಯದು 880 ಎಂದಾದರೆ ನಿಜವಾದ ದರ 12,000 ಮತ್ತು 11,250. ಅಗ್ಗದ್ದು ಎರಡನೆಯದು, ಜಾಗವೂ ಅದರಲ್ಲೇ ಜಾಸ್ತಿ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ಪ್ರಕಾರ ಬಾಲ್ಕನಿ, ಹೊರಗೋಡೆ ಕಾರ್ಪೆಟ್‌ಗೆ ಸೇರುವುದಿಲ್ಲ, ಒಳಗೋಡೆ ಸೇರುತ್ತದೆ. ಕಾರ್ಪೆಟ್ ಎಷ್ಟೆಂದು ಹೇಳಲು ಹಿಂದೇಟು ಹಾಕುವ ಏಜೆಂಟರನ್ನು ಅಲ್ಲಿಗೇ ಬಿಡುವುದು ಒಳ್ಳೆಯದು.

ಹೊಸ ಪ್ರಾಜೆಕ್ಟ್ ಆದರೆ ಜಾಹೀರಾತಿನಲ್ಲಿರುವ ನೋಂದಣಿ ಸಂಖ್ಯೆಯನ್ನು ಕರ್ನಾಟಕ ರೇರಾ ಜಾಲತಾಣದಲ್ಲಿ ಹಾಕಿ. ನಂಬರ್ ಇದೆ ಎಂದಷ್ಟಕ್ಕೇ ನಿಲ್ಲಬೇಡಿ. ಪ್ರತಿ ಹಂತಕ್ಕೂ ಬೇರೆ ನೋಂದಣಿ ಬೇಕು. ಮೊದಲ ಹಂತದ ನಂಬರ್ ತೋರಿಸಿ ಮೂರನೇ ಹಂತದ ಫ್ಲಾಟ್ ಮಾರುವವರಿದ್ದಾರೆ. ಟವರ್ ಹೆಸರು, ಮುಗಿಸುವ ದಿನಾಂಕ, ಅವಧಿ ವಿಸ್ತರಣೆ ಆಗಿದೆಯೇ ಎಂಬುದನ್ನು ನೋಡಿ. ಒಟ್ಟು 8 ಫ್ಲಾಟ್ ಮೀರದ ಅಥವಾ 500 ಚದರ ಮೀಟರ್ ಮೀರದ ಜಾಗದ ಕಟ್ಟಡಕ್ಕೆ ನೋಂದಣಿ ಕಡ್ಡಾಯವಲ್ಲ. ಹಾಗಾಗಿ ಪುಟ್ಟ ಕಟ್ಟಡಕ್ಕೆ ನಂಬರ್ ಇಲ್ಲದಿದ್ದರೆ ಮೋಸವೆಂದೇ ಅಲ್ಲ, ಆದರೆ ಉಳಿದ ಕಾಗದ ನೋಡುವ ಹೊಣೆ ಪೂರ್ತಿ ನಿಮ್ಮ ಮೇಲೆ ಬೀಳುತ್ತದೆ.

ಕಟ್ಟಿ ಮುಗಿದ ಮನೆಗೆ ಓ.ಸಿ. (ವಾಸಕ್ಕೆ ಅನುಮತಿಯ ಪತ್ರ), ಇ-ಖಾತಾ (ಸ್ಥಳೀಯ ಸಂಸ್ಥೆಯ ಆಸ್ತಿ ದಾಖಲೆ) ಪ್ರತಿ ತರಿಸಿಕೊಳ್ಳಿ. ಆಮೇಲೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಇ.ಸಿ., ಅಂದರೆ ಆಸ್ತಿಯ ನೋಂದಾಯಿತ ವಹಿವಾಟು ತೋರಿಸುವ ಋಣಭಾರ ಪತ್ರ ತೆಗೆಸಿ. ಹೆಚ್ಚು ಜನ ಎಡವುವುದು ಇಲ್ಲೇ. ಆನ್‌ಲೈನ್ ದಾಖಲೆ ಸಿಗುವುದು 2004ರ ಏಪ್ರಿಲ್ 1ರಿಂದ ಈಚಿನದು. ಹಿಂದಿನದಕ್ಕೆ ಉಪ ನೋಂದಣಾಧಿಕಾರಿ ಕಚೇರಿಗೇ ಹೋಗಬೇಕಾಗಬಹುದು. ಸರ್ವೆ ನಂಬರ್, ಫ್ಲಾಟ್ ನಂಬರ್ ಕ್ರಯಪತ್ರದಲ್ಲಿದ್ದಂತೆ ಕೊಡದಿದ್ದರೆ ವಹಿವಾಟು ಇದ್ದರೂ ಸಿಗದೆ, 'ಏನೂ ಇಲ್ಲ' ಎಂಬ ನಮೂನೆ 16 ಬರಬಹುದು. ಹುಡುಕಿದ ಅವಧಿಯೊಳಗೆ ಮಾರುವವರೇ ನೋಂದಾಯಿತ ಪತ್ರದ ಮೂಲಕ ಕೊಂಡಿದ್ದರೆ ಆ ಕ್ರಯ ನಮೂನೆ 15ರಲ್ಲಿ (ವಹಿವಾಟು ಇದ್ದಾಗ ಬರುವ ಇ.ಸಿ.) ಕಾಣಲೇಬೇಕು. ಕಾಣದಿದ್ದರೆ ಹುಡುಕಿದ ವಿವರವೇ ತಪ್ಪಿರಬಹುದು. ನೋಂದಣಿಯಾಗದ ಕರಾರು, ಬಾಕಿ ತೆರಿಗೆ ಇ.ಸಿ.ಯಲ್ಲಿ ಬರುವುದಿಲ್ಲ.

ಊರಂಚಿನ ಜಾಗವಾದರೆ ಸರ್ಕಾರದ ಭೂನಕ್ಷೆ ಆ್ಯಪ್ ದಿಶಾಂಕ್‌ನಲ್ಲಿ ಸರ್ವೆ ನಂಬರ್ ತಾಳೆ ನೋಡಿ, ಕೆರೆ ಅಥವಾ ರಾಜಕಾಲುವೆ ಪಕ್ಕದಲ್ಲಿದೆಯೇ ಗಮನಿಸಿ. ಜಿಪಿಎಸ್ ಕೆಲವು ಮೀಟರ್ ಅತ್ತಿತ್ತ ಆಗುವುದರಿಂದ ಗಡಿಯಲ್ಲಿ ಪಕ್ಕದ ನಂಬರ್ ತೋರಿಸೀತು. ಅದು ಸರ್ವೆ ನಕ್ಷೆಗೆ ಬದಲಿಯಲ್ಲ.

ಇಷ್ಟಾಗುವ ಹೊತ್ತಿಗೆ "ಸಂಜೆಯೊಳಗೆ ಟೋಕನ್ ಹಾಕಿ ಸಾರ್, ಇನ್ನೊಬ್ರು ರೆಡಿ ಇದ್ದಾರೆ" ಎಂಬ ಕರೆ ಬರುತ್ತದೆ. ಆ ಮುಂಗಡ ಹಣವನ್ನು ಏಜೆಂಟರ ಯುಪಿಐಗೆ ಹಾಕಬೇಡಿ, ಇ.ಸಿ.ಯ ಕೊನೆಯ ಕ್ರಯದಲ್ಲಿ ಕೊಂಡವರ ಹೆಸರಿರುವ ಬ್ಯಾಂಕ್ ಖಾತೆಗೇ ಹೋಗಲಿ. ರೇರಾ ವ್ಯಾಪ್ತಿಯ ಪ್ರಾಜೆಕ್ಟ್ ಆದರೆ ಕರಾರು ನೋಂದಣಿಯಾಗುವ ಮುಂಚೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಪಡೆಯುವ ಹಕ್ಕು ಬಿಲ್ಡರ್‌ಗಿಲ್ಲ.