ಜರ್ಮನ್ ಕಾದಂಬರಿ ಓದೋರಿಗೆ ಶಾಲೆಯ ಸರ್ವೆ ಯಾಕೆ ಬೇಕು?

ಹೊಸದಾಗಿ ಪರಿಚಯ ಆದವರೆಲ್ಲ ಒಂದಲ್ಲ ಒಂದು ದಿನ ಇದನ್ನ ಕೇಳೇ ಕೇಳ್ತಾರೆ. ನೀವು ಓದ್ತಿರೋದು ಜರ್ಮನ್ ಸಾಹಿತ್ಯ, ಆದ್ರೆ ಯಾವಾಗ ನೋಡಿದ್ರೂ ಶಿಕ್ಷಣದ ಸರ್ವೆ, ಸಮಾಜಶಾಸ್ತ್ರದ ಪೇಪರ್ ಹಿಡ್ಕೊಂಡು ಕೂತಿರ್ತೀರಲ್ಲ, ಇದಕ್ಕೂ ಅದಕ್ಕೂ ಏನ್ ಸಂಬಂಧ ಅಂತ.

ಮೂರೂ ಬಂದು ಸೇರೋದು ಹತ್ತು ವರ್ಷದ ಮಗುವಿನ ಹತ್ರ. ಜರ್ಮನಿಯ ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕನೇ ಕ್ಲಾಸ್ ಮುಗಿದ ಕೂಡ್ಲೆ (ಬರ್ಲಿನ್, ಬ್ರಾಂಡೆನ್‌ಬುರ್ಗ್‌ನಲ್ಲಿ ಆರನೇದು) ಮಕ್ಕಳನ್ನ ಬೇರೆ ಬೇರೆ ಥರದ ಶಾಲೆಗಳಿಗೆ ಹಂಚಿಬಿಡ್ತಾರೆ. ಗಿಮ್ನಾಜಿಯುಮ್ ಸೇರಿದವರಿಗೆ ಯೂನಿವರ್ಸಿಟಿಗೆ ನೇರ ದಾರಿ, ಉಳಿದವರು ಸುತ್ತಿ ಬಳಸಿ ಬರ್ಬೇಕು. ಯಾರು ಎಲ್ಲಿಗೆ ಅಂತ ಟೀಚರ್ ಶಿಫಾರಸು ಕೊಡ್ತಾರೆ, ಓದೋ ಸಾಮರ್ಥ್ಯ ಒಂದೇ ಇದ್ರೂ ಕಾರ್ಮಿಕರ ಮಕ್ಕಳಿಗೆ ಗಿಮ್ನಾಜಿಯುಮ್ ಶಿಫಾರಸು ಸಿಗೋದು ಕಮ್ಮಿ ಅಂತ ಅಲ್ಲಿನ ಸರ್ವೆಗಳು ಮತ್ತೆ ಮತ್ತೆ ತೋರಿಸಿವೆ.

ಇದು ಹಳೇ ಗಾಯ. 1960ರ ದಶಕದಲ್ಲೇ ಸಮಾಜಶಾಸ್ತ್ರಜ್ಞರು 'ಹಳ್ಳಿಯ ಕ್ಯಾಥೊಲಿಕ್ ಕಾರ್ಮಿಕನ ಮಗಳು' ಅಂತ ಒಂದು ಕಾಲ್ಪನಿಕ ಹುಡುಗಿಯನ್ನ ಮುಂದಿಟ್ರು, ಹಿಂದೆ ಉಳಿಯೋಕೆ ಇದ್ದ ಕಾರಣ ಎಲ್ಲಾ ಒಬ್ಬಳ ತಲೆ ಮೇಲೆ. ಹದಿನೈದು ವರ್ಷದ ಮಕ್ಕಳನ್ನ ದೇಶದೇಶಗಳ ನಡುವೆ ಹೋಲಿಸಿ ನೋಡೋ ಪೀಸಾ ಪರೀಕ್ಷೆಯಲ್ಲಿ, 2000ದಲ್ಲಿ ಓದಿನಲ್ಲಿ ಜರ್ಮನಿಗೆ ಬಂದಿದ್ದು 484 ಅಂಕ, ಸರಾಸರಿ 500, ಇಡೀ ದೇಶ ಬೆಚ್ಚಿಬಿತ್ತು. 2022ರಲ್ಲಿ ಅದು 480. ಈಗ 2024ರಿಂದ ಹಿಂದುಳಿದ ಮನೆಗಳ ಮಕ್ಕಳು ಹೆಚ್ಚಿರೋ ಸುಮಾರು 4000 ಶಾಲೆಗಳಿಗೆ ಹತ್ತು ವರ್ಷದಲ್ಲಿ 20 ಬಿಲಿಯನ್ ಯೂರೋ ಕೊಡೋ ಯೋಜನೆ ನಡೀತಿದೆ.

ಸರಿ, ಸಾಹಿತ್ಯ ಎಲ್ಲಿ ಬಂತು? ಜರ್ಮನ್ ಮಹಾಕವಿ ಗಯಟೆಯ ವಿಲ್ಹೆಲ್ಮ್ ಮೈಸ್ಟರ್ ಕಾದಂಬರಿ (1795-96) ತಗೊಳ್ಳಿ. 'ಬಿಲ್ಡುಂಗ್' ಕಥೆಗಳಿಗೆಲ್ಲ ಅದೇ ಮಾದರಿ ಅಂತಾರೆ. ಬಿಲ್ಡುಂಗ್ ಅಂದ್ರೆ ವಿದ್ಯೆ ಅಂದ್ರೂ ಸಾಲಲ್ಲ, ಸಂಸ್ಕಾರ ಅಂದ್ರೂ ಸಾಲಲ್ಲ, ಮನುಷ್ಯ ತನ್ನನ್ನ ತಾನೇ ರೂಪಿಸ್ಕೊಂಡು ಬೆಳೆಯೋದು ಅಂತಿಟ್ಕೊಳ್ಳಿ. ಅದರಲ್ಲಿ ವ್ಯಾಪಾರಿಯ ಮಗ ವಿಲ್ಹೆಲ್ಮ್ ಗೆಳೆಯನಿಗೆ ಒಂದು ಕಾಗದ ಬರೀತಾನೆ: ಹಾಗೆ ಪೂರ್ತಿಯಾಗಿ ಬೆಳೆಯೋ ಭಾಗ್ಯ ಈ ದೇಶದಲ್ಲಿ ಹುಟ್ಟಿನಿಂದಲೇ ಪದವಿ ಪಡೆದ ಕುಲೀನ ಮನೆತನದವರಿಗೆ ಮಾತ್ರ, ನಮ್ಮಂಥವರು ನೀನು ಏನು ಅಂತ ಕೇಳೋ ಹಾಗಿಲ್ಲ, ನಿನ್ನತ್ರ ಏನಿದೆ ಅಂತ ಮಾತ್ರ ಕೇಳ್ಬೇಕು, ಎಷ್ಟು ಜ್ಞಾನ, ಎಷ್ಟು ಆಸ್ತಿ. ಸುಮಾರು 170 ವರ್ಷ ಆದ್ಮೇಲೆ ಫ್ರಾನ್ಸ್‌ನಲ್ಲಿ ಸಮಾಜಶಾಸ್ತ್ರಜ್ಞ ಬೂರ್ದಿಯೋ ಸಾಂಸ್ಕೃತಿಕ ಬಂಡವಾಳದ (ಮನೆಯಲ್ಲೇ ಸಿಗೋ ಭಾಷೆ, ಅಭಿರುಚಿ, ತಿಳುವಳಿಕೆ) ಬಗ್ಗೆ ಬರೀತಾ ಹಿಡಿದಿದ್ದು ಇದೇ ಎಳೆ, ನನಗಂತೂ ಹಾಗೇ ಕಾಣ್ಸೋದು. ಶಾಲೆ ಪ್ರತಿಭೆ ಅಂತ ಹೊಗಳೋದರಲ್ಲಿ ಎಷ್ಟೋ ಪಾಲು ಮನೆಯಿಂದ ಹೊತ್ತು ತಂದಿದ್ದು.

ಈಚಿನ ಸಂಶೋಧನೆಯಲ್ಲಿ ತುಂಬಾ ಚರ್ಚೆ ಆಗ್ತಿರೋ ಪದ 'ಆಟೊಸೋಶಿಯೊಬಯಾಗ್ರಫಿ', ಅಂದ್ರೆ ತನ್ನ ಬದುಕು ಹೇಳ್ತಾ ತನ್ನ ವರ್ಗವನ್ನೇ ಬಿಡಿಸಿ ನೋಡೋ ಬರಹ. ಸಮಾಜಶಾಸ್ತ್ರಜ್ಞ ದಿದಿಯೆ ಎರಿಬೋಂ ಫ್ರೆಂಚಲ್ಲಿ ತನ್ನ ಕಾರ್ಮಿಕ ಕುಟುಂಬದ ಬಗ್ಗೆ ಬರೆದ ಪುಸ್ತಕ 2016ರಲ್ಲಿ ಜರ್ಮನ್‌ಗೆ ಬಂದು ದೊಡ್ಡ ಅಲೆನೇ ಎಬ್ಬಿಸ್ತು, ಆಮೇಲೆ ಜರ್ಮನ್ನರೂ ಬರೆದ್ರು. ಡೆನಿಜ್ ಓಡೆಯ 2020ರ ಕಾದಂಬರಿ ಶ್ಟ್ರೊಯ್‌ಲಿಷ್ಟ್ ನನ್ನನ್ನ ಬಿಟ್ಟಿಲ್ಲ. ಅಪ್ಪ ಫ್ಯಾಕ್ಟರಿಯಲ್ಲಿ ನಲವತ್ತು ವರ್ಷ ಅಲ್ಯೂಮಿನಿಯಂ ಶೀಟ್‌ಗಳನ್ನ ದ್ರಾವಣದಲ್ಲಿ ಅದ್ದೋ ಕೆಲಸದವನು, ಅಮ್ಮ ಟರ್ಕಿಯಿಂದ ಬಂದವಳು. ಮಗಳು ಗಿಮ್ನಾಜಿಯುಮ್‌ನಿಂದ ಹೊರಗೆ ಬಿದ್ದು, ಸಂಜೆ ಶಾಲೆ ಹಿಡಿದು, ಕೊನೆಗೆ ಯೂನಿವರ್ಸಿಟಿ ತಲುಪ್ತಾಳೆ. ನೀನು ದಡ್ಡಿ ಅಂತ ಯಾರೂ ಫಲಕ ಹಾಕ್ಬೇಕಿಲ್ಲ, ಒಂದು ಮಾತು, ಒಂದು ನೋಟ ಸಾಕು, ತಪ್ಪು ತನ್ನದೇ ಅಂತ ಹುಡುಗಿ ಒಳಗೊಳಗೇ ಒಪ್ಕೊಂಡುಬಿಡ್ತಾಳೆ. ಎಷ್ಟು ಮಕ್ಕಳು ಉದುರಿದ್ರು ಅಂತ ಸರ್ವೆ ಎಣಿಸುತ್ತೆ, ಆದ್ರೆ ಆ ಒಪ್ಕೊಳ್ಳೋ ಗಳಿಗೆ ಯಾವ ಟೇಬಲ್‌ನಲ್ಲೂ ಕಾಣಲ್ಲ ರೀ.

ಹಾಗಂತ ಬರೀ ಕಾದಂಬರಿ ನಂಬ್ಕೊಂಡು ಕೂತ್ರೂ ಎಡವಟ್ಟೇ. ಇಂಥ ಪುಸ್ತಕ ಬರೆಯೋರು ಹೇಗೋ ದಾಟಿ ಬಂದವರು. ಅವರ ಕಥೆ ಓದಿ ನೋಡಿ, ಛಲ ಇದ್ರೆ ಆಗುತ್ತೆ ಅಂತ ಯಾರಾದ್ರೂ ಅಂದ್ರೆ ನನಗೆ ಸಂಕಟ ಆಗುತ್ತೆ. ಓಡೆಯ ಕಾದಂಬರಿಯ ಆ ಅಪ್ಪ ಏನನ್ನೂ ಬಿಸಾಡದೆ ಮನೆ ತುಂಬಾ ಸಾಮಾನು ಪೇರಿಸಿಟ್ಕೊಂಡು ಅಲ್ಲೇ ಉಳೀತಾನೆ, ಅವನು ಪುಸ್ತಕ ಬರೆಯಲ್ಲ. ಅವನಂಥವರು ಎಷ್ಟು ಜನ, ಅವರ ಮಕ್ಕಳು ಎಲ್ಲಿ ನಿಂತ್ರು ಅಂತ ಹುಡುಕೋಕೆ ಹೋದ್ರೆ ಸರ್ವೆಯ ಕಾಲಮ್‌ಗಳಲ್ಲೇ ಹುಡುಕ್ಬೇಕು, ಅದಕ್ಕೇ ಅವನ್ನ ಹಿಡ್ಕೊಂಡು ಕೂತಿರ್ತೀನಿ.